ಆಟಿಸಂ ಇರುವ ಮಕ್ಕಳಿಗೆ ಏನಾದರೂ ಮಾಡಬೇಕು ಅಂದಾಗ: ಕ್ಯಾಂಪಾ, ಥೆರಪಿ ಸೆಂಟರಾ, ಅಪ್ಪ ಅಮ್ಮಂದಿರಿಗೆ ತರಬೇತಿಯಾ?

ಆಟಿಸಂ ಅಂದರೆ ಮಗು ಬೆರೆಯುವ, ಮಾತಾಡುವ, ವರ್ತಿಸುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ. ಅದರ ಬಗ್ಗೆ ಈಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ಕಡೆಯಿಂದ ಬರುತ್ತಿದೆ. ಕೇಳುವವರಲ್ಲಿ ಮಕ್ಕಳ ವೈದ್ಯರಿದ್ದಾರೆ. ಚಿಕ್ಕ ಟ್ರಸ್ಟ್ ನಡೆಸುವವರಿದ್ದಾರೆ. ಮಕ್ಕಳ ಸಲುವಾಗಿಯೇ ಒಂದಾದ ಅಪ್ಪ ಅಮ್ಮಂದಿರ ಗುಂಪುಗಳೂ ಇವೆ. "ನಮ್ಮ ಸುತ್ತಮುತ್ತ ಆಟಿಸಂ ಇರುವ ಮಕ್ಕಳಿಗೆ ಸರಿಯಾದ ಆರೋಗ್ಯ ಸೇವೆ ಇಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಕೆಲಸ ಮಾಡಲು ಜನರಿದ್ದಾರೆ. ಯಾವುದರಿಂದ ಶುರು ಮಾಡೋಣ?" ಅಂತ ಎಲ್ಲರೂ ಕೇಳುತ್ತಾರೆ. ಗುಂಪಿನಲ್ಲಿ ಒಬ್ಬರಿಗೆ ತಪಾಸಣಾ ಕ್ಯಾಂಪ್ ಮಾಡುವ ಆಸೆ. ಇನ್ನೊಬ್ಬರಿಗೆ ಥೆರಪಿ ಸೆಂಟರ್ ಕಟ್ಟುವ ಕನಸು. ಮತ್ತೊಬ್ಬರು ಸುಮ್ನೆ ದೊಡ್ಡ ಆಸ್ಪತ್ರೆಯಿಂದ ತಜ್ಞರನ್ನು ಕರೆಸೋಣ ಅನ್ನುತ್ತಾರೆ. ಮಾತುಕತೆ ಅಲ್ಲಿಗೇ ನಿಂತುಬಿಡುತ್ತದೆ.

ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಇರುವ ದುಡ್ಡಿಗೆ, ಇರುವ ಜನರಿಗೆ ಯಾವುದು ಮೊದಲು ಅನ್ನುವುದನ್ನು ಅಳೆದು ನೋಡಬೇಕು.

ಮೊದಲು ಅಳತೆಗೋಲು

ನಾನು ಮೊದಲು ನೋಡುವುದು ಕಾಯುವ ಸಮಯವನ್ನು. "ಮಗು ಹೆಸರು ಕರೆದರೆ ತಿರುಗಿ ನೋಡುತ್ತಿಲ್ಲವಲ್ಲ" ಅಂತ ತಾಯಿಗೆ ಅನುಮಾನ ಬಂದ ದಿನ ಒಂದು. ಮಗುವಿನ ಜೊತೆ ಹೇಗಿರಬೇಕು ಅಂತ ಯಾರಾದರೂ ಅವಳ ಪಕ್ಕ ಕೂತು ತೋರಿಸಿಕೊಟ್ಟ ದಿನ ಇನ್ನೊಂದು. ಈ ಎರಡರ ನಡುವೆ ಎಷ್ಟು ತಿಂಗಳು ಕಳೆಯುತ್ತವೆ? ಗಮನಿಸಿ, ರೋಗನಿರ್ಣಯ ಆಗುವ ತನಕ ಎಷ್ಟು ದಿನ ಅಂತ ನಾನು ಕೇಳುತ್ತಿಲ್ಲ. ಸಹಾಯ ಸಿಗುವ ತನಕ ಎಷ್ಟು ದಿನ ಅಂತ ಕೇಳುತ್ತಿದ್ದೇನೆ. ಎಷ್ಟೋ ಕುಟುಂಬಗಳು ಆಟಿಸಂ ಅಂತ ಡಾಕ್ಟರ್ ಬರೆದ ಚೀಟಿ ಕೈಗೆ ಬರುವ ತನಕ ಏನನ್ನೂ ಶುರು ಮಾಡದೆ ಕಾಯುತ್ತವೆ. ಕಾಯಿರಿ ಅಂತ ಹೇಳಿದವರು ಬಹಳಷ್ಟು ಸಲ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನಾವೇ.

ಎರಡನೆಯದು ಎಷ್ಟು ಜನರಿಗೆ ಮುಟ್ಟುತ್ತದೆ ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ಹತ್ತು ಸಾವಿರ ಜನ ಇರುವ ಕಡೆ, ಚಿಕ್ಕವರು ದೊಡ್ಡವರು ಸೇರಿ ಸುಮಾರು 80 ಜನ. ನಿಮ್ಮ ಯೋಜನೆ ಇವರಲ್ಲಿ ಐದು ಮಕ್ಕಳಿಗೆ ಚೆನ್ನಾಗಿ ಸಿಕ್ಕಿ ಉಳಿದವರಿಗೆ ಏನೂ ಸಿಗದಿದ್ದರೆ, ಅದನ್ನು ಸಮುದಾಯದ ಸೇವೆ ಅನ್ನುವುದು ಕಷ್ಟ.

ಮೂರನೆಯದು, ಒಬ್ಬ ವ್ಯಕ್ತಿ ಕೆಲಸ ಬಿಟ್ಟುಹೋದರೆ ಯೋಜನೆ ಉಳಿಯುತ್ತದಾ ಅನ್ನುವುದು. ನಾಲ್ಕನೆಯದು ಪುರಾವೆ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. "ಇದು ಸಾಬೀತಾಗಿದೆ" ಅಂತ ಯಾರಾದರೂ ಹೇಳಿದರೆ, ಏನು ಬದಲಾಯಿತು ಅಂತ ಕೇಳಿ. ಅಪ್ಪ ಅಮ್ಮ ಮಗುವಿನ ಜೊತೆ ಆಡುವ ರೀತಿಯಾ, ಮಗುವಿನ ಮಾತಾ, ಪರೀಕ್ಷೆಯ ಅಂಕಗಳಾ? ಇವು ಮೂರೂ ಬೇರೆ ಬೇರೆ.

ಕೊನೆಯದನ್ನು ಜನ ಮರೆತೇಬಿಡುತ್ತಾರೆ. ಆಟಿಸಂ ಇರುವ ಮಗುವಿಗೂ ಹಲ್ಲು ನೋಯುತ್ತದೆ, ಜ್ವರ ಬರುತ್ತದೆ, ಮಲಬದ್ಧತೆ ಆಗುತ್ತದೆ. ಈ ಸಾಮಾನ್ಯ ಕಾಯಿಲೆಗಳಿಗೆ ಮಗುವಿಗೆ ಚಿಕಿತ್ಸೆ ಸಿಗುತ್ತಿದೆಯಾ?

ತಪಾಸಣಾ ಕ್ಯಾಂಪ್

ಕಣ್ಣಿಗೆ ಕಾಣುವ ಕೆಲಸ, ಖರ್ಚೂ ಕಡಿಮೆ. ಒಂದೇ ದಿನದಲ್ಲಿ ನೂರಾರು ಮಕ್ಕಳನ್ನು ನೋಡಬಹುದು. ಸಾಧನಗಳೂ ಇವೆ. 16ರಿಂದ 30 ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ಪಟ್ಟಿ ತುಂಬಾ ಕಡೆ ಬಳಕೆಯಲ್ಲಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 18 ಮತ್ತು 24 ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಆಟಿಸಂ ತಪಾಸಣೆ ಮಾಡಿ ಅನ್ನುತ್ತದೆ. ಅದೇ ದೇಶದ ಇನ್ನೊಂದು ತಜ್ಞರ ಸಮಿತಿ 2016ರಲ್ಲಿ ಹೇಳಿದ್ದು ಬೇರೆ. ಯಾರಿಗೂ ಅನುಮಾನವೇ ಬರದ ಮಕ್ಕಳನ್ನೆಲ್ಲ ಹೀಗೆ ತಪಾಸಣೆ ಮಾಡುವುದು ಬೇಕೋ ಬೇಡವೋ ಹೇಳಲು ಪುರಾವೆ ಸಾಲದು ಅಂದಿತು. ತಿಳಿದವರಲ್ಲೇ ಒಮ್ಮತ ಇಲ್ಲ ಅನ್ನುವುದು ನೆನಪಿರಲಿ.

ಪ್ರಶ್ನೆಪಟ್ಟಿ ಬಳಸುವುದಾದರೆ ಅದರ ಎರಡನೇ ಹಂತವನ್ನು ಬಿಡಬೇಡಿ. ಮಧ್ಯಮ ಅಂಕ ಬಂದ ಮಕ್ಕಳ ಅಪ್ಪ ಅಮ್ಮನನ್ನು ಕೂರಿಸಿ, ಅನುಮಾನ ಇರುವ ಪ್ರಶ್ನೆಗಳನ್ನೇ ಮತ್ತೆ ಬಿಡಿಸಿ ಕೇಳುವ ಹಂತ ಅದು. 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಎರಡೂ ಹಂತ ದಾಟಿದ ಮೇಲೂ ಅನುಮಾನ ಉಳಿದು ಪೂರ್ತಿ ಪರೀಕ್ಷೆಗೆ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಆಟಿಸಂ ಇತ್ತು. ಆದರೆ ನೂರರಲ್ಲಿ ಸುಮಾರು 95 ಮಕ್ಕಳಿಗೆ ಬೆಳವಣಿಗೆಯಲ್ಲಿ ಒಂದಲ್ಲ ಒಂದು ತೊಂದರೆ ಅಥವಾ ಕಾಳಜಿ ಪಡುವಂಥದ್ದು ಇದ್ದೇ ಇತ್ತು. ಹಾಗಾಗಿ ಪಟ್ಟಿ ಸುಳ್ಳು ಹೇಳುವುದಿಲ್ಲ. ಅದು ಹೇಳುವುದು "ಈ ಮಗುವಿಗೆ ಏನೋ ಸಹಾಯ ಬೇಕು" ಅಂತ. "ಆಟಿಸಂ ಇದೆ" ಅಂತ ಅಲ್ಲ.

ತೊಂದರೆ ಇರುವುದು ಮಾರನೇ ದಿನ. ಕ್ಯಾಂಪ್ ಮುಗಿಯಿತು, ಬ್ಯಾನರ್ ಇಳಿಸಿದರು, ನಲವತ್ತು ಕುಟುಂಬಗಳ ಕೈಯಲ್ಲಿ ಒಂದೊಂದು ಚೀಟಿ ಇದೆ. ಹೋಗಲು ಜಾಗ ಇಲ್ಲ. ಮೊದಲು ಬರೀ ಅನುಮಾನ ಇದ್ದ ಮನೆಯಲ್ಲಿ ಈಗ ಭಯ ಸೇರಿಕೊಂಡಿದೆ. ಆಮೇಲಿನ ಸಹಾಯ ಸಿದ್ಧವಾಗಿಲ್ಲದಿದ್ದರೆ ಕ್ಯಾಂಪ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದು ವಿನಾಯಿತಿ ಇದೆ. ಮಾತು ತಡವಾದ ಪ್ರತಿ ಮಗುವಿಗೂ ಕಿವಿ ಪರೀಕ್ಷೆ ಆಗಬೇಕು. ಕಿವಿ ಕೇಳಿಸದ ಮಗುವೂ ಹೆಸರು ಕರೆದರೆ ತಿರುಗುವುದಿಲ್ಲ, ಅಲ್ವಾ? ಕಿವಿ ಪರೀಕ್ಷೆಗೆ ಮಾತ್ರ ಕ್ಯಾಂಪ್ ಮಾಡುತ್ತೀರಿ, ಮುಂದಿನ ಚಿಕಿತ್ಸೆಗೂ ವ್ಯವಸ್ಥೆ ಇದೆ ಅಂದರೆ ಧಾರಾಳವಾಗಿ ಮಾಡಿ.

ಥೆರಪಿ ಸೆಂಟರ್

ದುಡ್ಡು ಜಾಸ್ತಿ ಇರುವವರ ಮೊದಲ ಆಯ್ಕೆ ಇದೇ. ಕಟ್ಟಡ, ಬಣ್ಣದ ಮ್ಯಾಟ್, ತೂಗುವ ಉಯ್ಯಾಲೆ, ಸ್ಪೀಚ್ ಥೆರಪಿಸ್ಟ್, ಒಟಿ (ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್). ಒಳ್ಳೆಯ ಥೆರಪಿಸ್ಟ್ ಕೈಗೆ ಸಿಕ್ಕ ಮಗುವಿಗೆ ಅದರಿಂದ ನಿಜವಾಗಿಯೂ ಲಾಭ ಇದೆ. ಅದರಲ್ಲಿ ಅನುಮಾನ ಬೇಡ.

ಆದರೆ ಲೆಕ್ಕ ಹಾಕಿ ನೋಡಿ. ಒಬ್ಬ ಥೆರಪಿಸ್ಟ್ ವಾರಕ್ಕೆ 40 ಗಂಟೆ ಕೆಲಸ ಮಾಡುತ್ತಾರೆ ಅಂದುಕೊಳ್ಳೋಣ. ಒಂದು ಮಗುವಿಗೆ ವಾರಕ್ಕೆ 20 ಗಂಟೆ ಕೊಟ್ಟರೆ ಇಬ್ಬರು ಮಕ್ಕಳಿಗೆ ಮುಗಿಯಿತು. ವಾರಕ್ಕೆ ಒಂದೊಂದು ಗಂಟೆ ಕೊಟ್ಟರೆ ಇಪ್ಪತ್ತೈದು ಮೂವತ್ತು ಮಕ್ಕಳು ಬರಬಹುದು. ಆಗ ವಾರದ ಉಳಿದ ಗಂಟೆಗಳಲ್ಲಿ ಮಗು ಮನೆಯಲ್ಲೇ ಇರುತ್ತದೆ. ಆ ಗಂಟೆಗಳ ಬಗ್ಗೆ ಸೆಂಟರ್ ಏನೂ ಮಾಡುವುದಿಲ್ಲ.

ವಾರಕ್ಕೆ ಇಷ್ಟು ಗಂಟೆ ಕೊಡಲೇಬೇಕು ಅನ್ನುವ ಒತ್ತಡ ಎಲ್ಲಿಂದ ಬಂತು ಗೊತ್ತಾ? 2010ರಲ್ಲಿ ಅಮೆರಿಕದಲ್ಲಿ ಅರ್ಲಿ ಸ್ಟಾರ್ಟ್ ಡೆನ್ವರ್ ಮಾಡೆಲ್ ಅನ್ನುವ ವಿಧಾನದ ಅಧ್ಯಯನ ಪ್ರಕಟವಾಯಿತು. 18ರಿಂದ 30 ತಿಂಗಳ 48 ಮಕ್ಕಳು, ಎರಡು ವರ್ಷ. ಆಟದ ಮೂಲಕ ದಿನವೂ ಗಂಟೆಗಟ್ಟಲೆ ಥೆರಪಿ ಪಡೆದ ಮಕ್ಕಳ ಬುದ್ಧಿಮಟ್ಟದ ಅಂಕ ಉಳಿದ ಮಕ್ಕಳಿಗಿಂತ ಚೆನ್ನಾಗಿ ಏರಿತ್ತು. ಅದಕ್ಕೂ ಮೊದಲಿನ, 1987ರ ಒಂದು ಪ್ರಸಿದ್ಧ ಅಧ್ಯಯನ ವಾರಕ್ಕೆ 40 ಗಂಟೆಯ ಮಾತಾಡಿತ್ತು. ಆದರೆ 2021ರಲ್ಲಿ ಹಲವು ಕೇಂದ್ರಗಳು ಸೇರಿ ವಾರಕ್ಕೆ 15 ಗಂಟೆ ಮತ್ತು 25 ಗಂಟೆ ಎರಡನ್ನೂ ಹೋಲಿಸಿ ನೋಡಿದವು. ಒಟ್ಟಾರೆ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. "ಗಂಟೆ ಜಾಸ್ತಿ ಆದಷ್ಟೂ ಲಾಭ ಜಾಸ್ತಿ" ಅಂತ ಹೇಳಿ ಸಾಲ ಮಾಡಿಸುವವರು ಸಿಕ್ಕರೆ ಇದನ್ನು ನೆನಪಿಸಿಕೊಳ್ಳಿ.

ಇನ್ನೊಂದು ಮಾತು. ಮಗುವಿಗೆ ಕಣ್ಣು ನೋಡು, ಕೈ ಆಡಿಸಬೇಡ, ಸುಮ್ಮನೆ ಕೂರು ಅಂತ ಬರೀ ವಿಧೇಯತೆ ಕಲಿಸುವ ಸೆಂಟರ್‌ಗಳ ಬಗ್ಗೆ ಆಟಿಸಂ ಇರುವ ದೊಡ್ಡವರೇ ತುಂಬಾ ನೋವಿನಿಂದ ಮಾತಾಡಿದ್ದಾರೆ. ಅವರ ಮಾತು ಕೇಳಬೇಕು. ಸೆಂಟರ್ ಮಾಡುವುದಾದರೆ ಅಪ್ಪ ಅಮ್ಮ ಕೂತು ನೋಡಲು ಅವಕಾಶ ಇರಲಿ. ಬಾಗಿಲು ಮುಚ್ಚಿಕೊಂಡು ಒಳಗೆ ಮಾಡುವ ಥೆರಪಿಯನ್ನು ನಾನಂತೂ ಒಪ್ಪುವುದಿಲ್ಲ.

ಅಪ್ಪ ಅಮ್ಮಂದಿರಿಗೆ ತರಬೇತಿ, ಸ್ಥಳೀಯ ಕಾರ್ಯಕರ್ತೆಯರ ಕೈಯಲ್ಲಿ

ಇದು ನೋಡಲು ಸಪ್ಪೆ. ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ ಕೂಡ ಇರುವುದಿಲ್ಲ. ಆದರೆ ಮೇಲಿನ ಅಳತೆಗಳಲ್ಲಿ ಹೆಚ್ಚಿನವಕ್ಕೆ ಚೆನ್ನಾಗಿ ಹೊಂದುವುದು ಇದೇ.

ಕೆಲಸ ನಡೆಯುವುದು ಹೀಗೆ. ಅಮ್ಮ ಮತ್ತು ಮಗು ಒಟ್ಟಿಗೆ ಆಡುವುದನ್ನು ಹತ್ತು ನಿಮಿಷ ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಾರೆ. ಆಮೇಲೆ ಕಾರ್ಯಕರ್ತೆ ಮತ್ತು ಅಮ್ಮ ಒಟ್ಟಿಗೆ ಕೂತು ನೋಡುತ್ತಾರೆ. "ಇಲ್ಲಿ ನೋಡಿ, ಅವನು ಕಾರಿನ ಚಕ್ರ ತಿರುಗಿಸುತ್ತಾ ಒಮ್ಮೆ ನಿಮ್ಮ ಕಡೆ ನೋಡಿದ. ನೀವು ಆಗ ಏನು ಮಾಡಿದ್ರಿ?" ಅಮ್ಮನಿಗೆ ಆಗ ಗೊತ್ತಾಗುತ್ತದೆ, ತಾನು ಆ ಹೊತ್ತಿನಲ್ಲಿ ಬಣ್ಣದ ಹೆಸರು ಕೇಳುತ್ತಿದ್ದೆ ಅಂತ. ಮುಂದಿನ ಸಲ ಅವಳು ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡುತ್ತಾಳೆ, ಕಾಯುತ್ತಾಳೆ, ಮಗು ನೋಡುತ್ತಿರುವುದರ ಬಗ್ಗೆಯೇ ಒಂದೆರಡು ಮಾತಾಡುತ್ತಾಳೆ.

ಬ್ರಿಟನ್‌ನಲ್ಲಿ ಈ ಥರದ ಪಾಕ್ಟ್ ಅನ್ನುವ ವಿಧಾನವನ್ನು 152 ಮಕ್ಕಳ ಮೇಲೆ ಪರೀಕ್ಷಿಸಿದರು. 2010ರಲ್ಲಿ ಬಂದ ಮೊದಲ ಫಲಿತಾಂಶ ಅಷ್ಟೇನೂ ಹುರುಪು ತರುವಂಥದ್ದಲ್ಲ. ಅಪ್ಪ ಅಮ್ಮ ಮಗುವಿಗೆ ಸ್ಪಂದಿಸುವ ರೀತಿ ಬದಲಾಗಿತ್ತು, ಆದರೆ ಲಕ್ಷಣಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಚಿಕಿತ್ಸೆ ಮುಗಿದು ಸುಮಾರು ಆರು ವರ್ಷದ ಮೇಲೆ ಅದೇ ಮಕ್ಕಳನ್ನು ಮತ್ತೆ ನೋಡಿದಾಗ, ತರಬೇತಿ ಪಡೆದ ಕುಟುಂಬದ ಮಕ್ಕಳಲ್ಲಿ ಲಕ್ಷಣಗಳ ತೀವ್ರತೆ ಕಡಿಮೆ ಇತ್ತು. ಆ ವರದಿ 2016ರಲ್ಲಿ ಬಂತು.

ಅಲ್ಲಿ ಪರಿಣತ ಸ್ಪೀಚ್ ಥೆರಪಿಸ್ಟ್‌ಗಳಿದ್ದರು. ತಜ್ಞರಲ್ಲದವರು ಇದನ್ನು ಮಾಡಬಹುದಾ? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಕುಟುಂಬಗಳ ಜೊತೆ ಈ ಪ್ರಯತ್ನ ನಡೆಯಿತು. ಪಾಸ್ ಅಂತ ಅದರ ಹೆಸರು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ 12 ಸಲ ಕುಟುಂಬದ ಜೊತೆ ಕೂತರು. ಅಪ್ಪ ಅಮ್ಮನ ಸ್ಪಂದನೆ ಚೆನ್ನಾಗಿ ಸುಧಾರಿಸಿತು, ಮಕ್ಕಳು ತಾವಾಗಿಯೇ ಮಾತುಕತೆ ಶುರು ಮಾಡುವುದು ಹೆಚ್ಚಿತು. ಆದರೆ ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನ ಇಡುವ ಸಮಯ ಕಡಿಮೆಯಾಗಿತ್ತು. ಅಂದರೆ ಎಲ್ಲವೂ ಒಂದೇ ಸಲ ಸರಿಯಾಗುವುದಿಲ್ಲ. ಆದರೂ ತಜ್ಞರು ಸಿಗದ ಕಡೆ ಇದು ಆಗುವ ಕೆಲಸ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದು.

ವಿಶ್ವ ಆರೋಗ್ಯ ಸಂಸ್ಥೆಯೇ 2ರಿಂದ 9 ವರ್ಷದ ಮಕ್ಕಳ ಪೋಷಕರಿಗಾಗಿ ಒಂದು ಕಾರ್ಯಕ್ರಮ ಮಾಡಿದೆ. ಒಂಬತ್ತು ಗುಂಪು ಪಾಠ, ಮೂರು ಮನೆ ಭೇಟಿ. ಇದಕ್ಕೆ ಸೇರಲು ಆಟಿಸಂ ಅಂತ ಚೀಟಿ ಬೇಕಿಲ್ಲ, ಬೆಳವಣಿಗೆ ತಡವಾಗಿದೆ ಅನ್ನಿಸಿದರೆ ಸಾಕು. 2022ರಲ್ಲಿ ಇದರ ಆನ್‌ಲೈನ್ ರೂಪವೂ ಬಂತು. ಕಾಯುವ ಸಮಯ ಅಂದೆನಲ್ಲ, ಅದನ್ನು ನಿಜವಾಗಿ ಕಡಿಮೆ ಮಾಡುವುದು ಇಂಥದ್ದು. ಬೇಗ ಶುರು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ 2021ರ ಅಧ್ಯಯನವೂ ಇದೆ. ಆಟಿಸಂನ ಮೊದಲ ಸುಳಿವು ಕಂಡ, ಇನ್ನೂ ಒಂದು ವರ್ಷದ ಆಸುಪಾಸಿನ ಕೂಸುಗಳ ಅಪ್ಪ ಅಮ್ಮನಿಗೆ ಹೀಗೇ ವಿಡಿಯೊ ನೋಡಿ ಕಲಿಸಿದರು. ಮೂರು ವರ್ಷ ತುಂಬುವಾಗ ಆ ಗುಂಪಿನಲ್ಲಿ ನೂರಕ್ಕೆ ಸುಮಾರು 7 ಮಕ್ಕಳಿಗೆ, ಇನ್ನೊಂದು ಗುಂಪಿನಲ್ಲಿ ಸುಮಾರು 20 ಮಕ್ಕಳಿಗೆ ಆಟಿಸಂ ಅಂತ ಗುರುತಿಸಲಾಯಿತು. ಅಧ್ಯಯನ ಚಿಕ್ಕದು, ನೂರು ಚಿಲ್ಲರೆ ಮಕ್ಕಳು ಅಷ್ಟೇ. ಆದರೂ ಕಾಯುತ್ತಾ ಕೂರಬೇಡಿ ಅನ್ನಲು ಸಾಕು.

ಕೊರತೆಗಳೂ ಇವೆ. ಇಡೀ ಭಾರ ಅಮ್ಮನ ಹೆಗಲಿಗೆ ಬೀಳುವ ಅಪಾಯ ದೊಡ್ಡದು. ಕೂಲಿ ಬಿಟ್ಟು ಬರಬೇಕಾದವರಿಗೆ, ಇನ್ನೊಂದು ಹಸುಗೂಸು ಇರುವವರಿಗೆ, ತಾವೇ ಖಿನ್ನತೆಯಲ್ಲಿ ಇರುವವರಿಗೆ ಇದು ಮತ್ತೊಂದು ಪರೀಕ್ಷೆಯಂತೆ ಅನ್ನಿಸಬಹುದು. ಅಪ್ಪ, ಅಜ್ಜಿ, ಅಕ್ಕ, ಯಾರು ಮಗುವಿನ ಜೊತೆ ಇರುತ್ತಾರೋ ಅವರನ್ನು ಕರೆಯಿರಿ. ಇನ್ನೊಂದು, ಕಾರ್ಯಕರ್ತೆಯರಿಗೆ ಮೂರು ದಿನ ತರಬೇತಿ ಕೊಟ್ಟು ಕೈಬಿಟ್ಟರೆ ಕೆಲವೇ ತಿಂಗಳಲ್ಲಿ ಅವರು ಹಳೇ ಉಪದೇಶಕ್ಕೆ ಮರಳುತ್ತಾರೆ. ಅವರ ವಿಡಿಯೊಗಳನ್ನು ನಿಯಮಿತವಾಗಿ ನೋಡಿ ತಿದ್ದುವ ಒಬ್ಬ ಅನುಭವಿ ಇರಲೇಬೇಕು. ದುಡ್ಡು ಖರ್ಚಾಗಬೇಕಾದ್ದು ಅಲ್ಲಿ.

ವೈದ್ಯರಿಗೆ ದೂರದ ತಜ್ಞರ ನೆರವು

2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಎಕೋ ಅನ್ನುವ ಕ್ರಮ ಶುರು ಮಾಡಿದರು. ರೋಗಿಯನ್ನು ದೂರದ ತಜ್ಞರ ಹತ್ತಿರ ಕಳಿಸುವ ಬದಲು, ಸ್ಥಳೀಯ ವೈದ್ಯರು ವಿಡಿಯೊ ಕರೆಯಲ್ಲಿ ತಜ್ಞರ ಮುಂದೆ ಕೇಸ್ ಇಟ್ಟು ಕಲಿಯುತ್ತಾರೆ. ಮಿಸೌರಿ ವಿಶ್ವವಿದ್ಯಾಲಯ ಇದನ್ನು ಆಟಿಸಂಗೆ ತಂದಿತು. ಖರ್ಚು ಕಡಿಮೆ, ವೈದ್ಯರ ಧೈರ್ಯ ಹೆಚ್ಚುತ್ತದೆ. ಆದರೆ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯರ ತಿಳಿವಳಿಕೆ, ಆತ್ಮವಿಶ್ವಾಸ ಏರಿದರೂ ಅವರು ಕ್ಲಿನಿಕ್‌ನಲ್ಲಿ ಮಾಡುವ ಕೆಲಸ ಅಷ್ಟಾಗಿ ಬದಲಾಗಿರಲಿಲ್ಲ. ಒಬ್ಬರೇ ಇರುವ ವೈದ್ಯರಿಗೆ ಇದು ಒಳ್ಳೆಯ ಜೊತೆ. ಇದೊಂದನ್ನೇ ಯೋಜನೆ ಅಂತ ಕರೆಯಲು ಆಗದು.

ಇರುವ ಕ್ಲಿನಿಕ್ ಅನ್ನೇ ಸರಿಮಾಡುವುದು

ಯಾರೂ ಕೇಳದ ಆಯ್ಕೆ ಇದು. ನನ್ನ ಪಟ್ಟಿಯಲ್ಲಿ ಮಾತ್ರ ಮೇಲಿದೆ.

ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು ಶುರು ಮಾಡುತ್ತದೆ. "ಆಟಿಸಂ ಮಕ್ಕಳು ಹಾಗೇ" ಅಂತ ಹೇಳಿ ಕಳಿಸುತ್ತಾರೆ, ಇಲ್ಲಾ ಮಾತ್ರೆ ಬರೆಯುತ್ತಾರೆ. ಕಿವಿಯಲ್ಲಿ ಸೋಂಕು ಇರಬಹುದು, ಹಲ್ಲು ಕೊಳೆತಿರಬಹುದು, ವಾರದಿಂದ ಮಲ ಹೋಗದೆ ಹೊಟ್ಟೆ ನೋಯುತ್ತಿರಬಹುದು. ವರ್ತನೆ ಏಕಾಏಕಿ ಬದಲಾದರೆ ಮೊದಲು ಮೈ ನೋಡಬೇಕು. ಎರಡು ಮೂರು ಬಗೆಯ ಆಹಾರ ಬಿಟ್ಟು ಬೇರೆ ಏನನ್ನೂ ಮುಟ್ಟದ ಮಕ್ಕಳಲ್ಲಿ ಸಿ ಜೀವಸತ್ವ ಕಡಿಮೆಯಾಗಿ ಸ್ಕರ್ವಿ ಬಂದ, ಕಾಲುನೋವಿನಿಂದ ನಡೆಯುವುದನ್ನೇ ಬಿಟ್ಟ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಮೂರ್ಛೆರೋಗ ಈ ಮಕ್ಕಳಲ್ಲಿ ಬೇರೆಯವರಿಗಿಂತ ಹೆಚ್ಚು. ನಿದ್ದೆಯ ತೊಂದರೆಯಂತೂ ಎಷ್ಟೋ ಮನೆಗಳಲ್ಲಿ ಇದೆ, ಅದರಿಂದ ಇಡೀ ಮನೆ ಎಚ್ಚರ.

ಮಾತ್ರೆಯ ವಿಷಯ ಬಂತು, ಹೇಳಿಬಿಡುತ್ತೇನೆ. ರಿಸ್ಪೆರಿಡೋನ್‌ಗೆ 2006ರಲ್ಲಿ, ಅರಿಪಿಪ್ರಜೋಲ್‌ಗೆ 2009ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿದ್ದು ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕು, ಆಕ್ರಮಣದಂಥ ವರ್ತನೆಗೆ. ಮಾತು ಬರಿಸುವ, ಬೆರೆಯುವುದನ್ನು ಕಲಿಸುವ ಔಷಧ ಅವಲ್ಲ. ತೂಕ ಏರುವ ಅಡ್ಡ ಪರಿಣಾಮ ಇದೆ. ಹಾಗಾಗಿ ತೂಕ, ರಕ್ತದ ಸಕ್ಕರೆ ನೋಡುತ್ತಿರಬೇಕು.

ಕ್ಲಿನಿಕ್ ಸರಿಮಾಡಲು ಬೇಕಾದ ವಸ್ತು ತುಂಬಾ ಕಡಿಮೆ. ಈ ಮಕ್ಕಳಿಗೆ ದಿನದ ಮೊದಲ ಅಪಾಯಿಂಟ್‌ಮೆಂಟ್ ಕೊಡಿ. ಜನ ತುಂಬಿದ ಹಾಲ್‌ನಲ್ಲಿ ಕೂರಿಸಬೇಡಿ, ಹೊರಗೆ ಇರಲಿ, ಸರದಿ ಬಂದಾಗ ಫೋನ್ ಮಾಡಿ. ಬಾಗಿಲು, ಕುರ್ಚಿ, ಸ್ಟೆತೋಸ್ಕೋಪ್, ಡಾಕ್ಟರ್ ಇವರ ಫೋಟೊಗಳನ್ನು ಮೊದಲೇ ಮನೆಗೆ ಕಳಿಸಿದರೆ ಮಗುವಿಗೆ ಎಲ್ಲಿಗೆ ಹೋಗುತ್ತಿದ್ದೇನೆ ಅನ್ನುವುದು ಗೊತ್ತಿರುತ್ತದೆ. ಮುಟ್ಟುವ ಮೊದಲು ಹೇಳಿ, ತೋರಿಸಿ, ಆಮೇಲೆ ಮುಟ್ಟಿ. ರಕ್ತ ತೆಗೆಯುವ ಸುಮಾರು ಒಂದು ಗಂಟೆ ಮೊದಲು ಚರ್ಮ ಮರಗಟ್ಟಿಸುವ ಕ್ರೀಮ್ ಹಚ್ಚಿ. ನಾಲ್ಕು ಜನ ಕೈಕಾಲು ಹಿಡಿದು ಸೂಜಿ ಚುಚ್ಚಿದರೆ ಆ ಮಗು ಇನ್ನೊಮ್ಮೆ ಕ್ಲಿನಿಕ್ ಮೆಟ್ಟಿಲು ಹತ್ತುವುದಿಲ್ಲ. ಪ್ರತಿ ಮಗುವಿಗೂ ಒಂದು ಕಾರ್ಡ್ ಇರಲಿ. ಏನು ಇಷ್ಟ, ಯಾವ ಸದ್ದು ಸಹಿಸುವುದಿಲ್ಲ, ನೋವಾದರೆ ಹೇಗೆ ತೋರಿಸುತ್ತದೆ ಅಂತ ಅಪ್ಪ ಅಮ್ಮನೇ ಬರೆದುಕೊಡಲಿ.

ಲಸಿಕೆಯ ಭಯವನ್ನೂ ಕ್ಲಿನಿಕ್ಕೇ ಎದುರಿಸಬೇಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಗಾಳಿಮಾತಿಗೆ ಕಾರಣವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಆದರೂ ಈ ಮನೆಗಳಲ್ಲಿ ಎರಡನೇ ಮಗುವಿಗೆ ಲಸಿಕೆ ಹಾಕಿಸದೆ ಬಿಡುವುದುಂಟು. ಅದೇ ರೀತಿ ಕೀಲೇಶನ್ (ಮೈಯೊಳಗಿನ ಲೋಹಗಳನ್ನು ಹೊರಹಾಕುವ ಔಷಧ), ಸ್ಟೆಮ್ ಸೆಲ್, ಆಮ್ಲಜನಕದ ಕೋಣೆ ಅಂತ ಮಾರುವವರಿಂದ ದೂರ ಇರಿ ಅಂತ ಬಾಯಿಬಿಟ್ಟು ಹೇಳಬೇಕು. ಕೀಲೇಶನ್‌ನಿಂದ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಹುಡುಗನ ಪ್ರಾಣವೇ ಹೋಯಿತು.

ಹಾಗಾದರೆ ನಿಮಗೆ ಯಾವುದು?

ದುಡ್ಡು ಇಲ್ಲ, ಒಂದು ಕೋಣೆ ಮತ್ತು ಸ್ವಲ್ಪ ಸಮಯ ಇದೆ ಅನ್ನುವವರು ಪೋಷಕರ ಗುಂಪು ಶುರು ಮಾಡಿ, ಹತ್ತಿರದ ಕ್ಲಿನಿಕ್ ಜೊತೆ ಮಾತಾಡಿ ಮೇಲಿನ ಬದಲಾವಣೆ ಮಾಡಿಸಿ. ಎರಡಕ್ಕೂ ಹೆಚ್ಚೇನೂ ಖರ್ಚಿಲ್ಲ.

ಒಬ್ಬರ ಸಂಬಳಕ್ಕೆ ಆಗುವಷ್ಟು ದುಡ್ಡಿದ್ದರೆ ಒಬ್ಬ ಅನುಭವಿ ಥೆರಪಿಸ್ಟ್‌ನ ತೆಗೆದುಕೊಳ್ಳಿ. ಆದರೆ ಅವರನ್ನು ದಿನವಿಡೀ ಒಂದೊಂದು ಮಗುವಿನ ಜೊತೆ ಕೂರಿಸಬೇಡಿ. ಅವರ ಕೆಲಸ ಐದಾರು ಕಾರ್ಯಕರ್ತೆಯರನ್ನು ತಯಾರು ಮಾಡುವುದು, ಅವರ ವಿಡಿಯೊ ನೋಡಿ ತಿದ್ದುವುದು. ಟ್ರಸ್ಟಿಗಳಿಗೆ ಇದು ಮೊದಮೊದಲು ಹಿಡಿಸುವುದಿಲ್ಲ. "ಥೆರಪಿಸ್ಟ್ ಇಟ್ಟುಕೊಂಡು ಥೆರಪಿ ಯಾಕೆ ಮಾಡಿಸುತ್ತಿಲ್ಲ?" ಅಂತ ಕೇಳುತ್ತಾರೆ. ಆಗ ಆ 40 ಗಂಟೆಯ ಲೆಕ್ಕ ತೋರಿಸಿ.

ಜಾಸ್ತಿ ದುಡ್ಡಿದ್ದರೆ ಸೆಂಟರ್ ಕಟ್ಟಿ, ಬೇಡ ಅನ್ನುವುದಿಲ್ಲ. ಆದರೆ ಅದು ಮೇಲಿನ ಮೆಟ್ಟಿಲಾಗಿರಲಿ. ಎಲ್ಲರಿಗೂ ಪೋಷಕರ ತರಬೇತಿ, ಅದು ಸಾಲದ ಮಕ್ಕಳಿಗೆ ವಾರಕ್ಕೆ ಒಂದೆರಡು ಗಂಟೆ ಥೆರಪಿ, ತಮ್ಮನ್ನು ತಾವೇ ಗಾಯ ಮಾಡಿಕೊಳ್ಳುವ, ಮೂರ್ಛೆ ಇರುವ, ಜಟಿಲ ಮಕ್ಕಳಿಗೆ ತಜ್ಞರ ತಂಡ. ಆಟಿಸಂ ಬಗ್ಗೆ ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2021ರಲ್ಲಿ ಹೇಳಿದ್ದೂ ಇಂಥ ಹಂತ ಹಂತದ ಆರೈಕೆಯನ್ನೇ. ಸೆಂಟರ್‌ನ ಬಜೆಟ್ ಬರೆಯುವಾಗ ಉಪಕರಣಗಳ ಸಾಲನ್ನು ಕೊನೆಗೆ ಬರೆಯಿರಿ. ಸಂಬಳ, ಓಡಾಟದ ಖರ್ಚು, ಮಗು ಒಳಗಿರುವಾಗ ಅದರ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವವರ ಖರ್ಚು ಮೊದಲು.

ನೀವು ಒಬ್ಬರೇ ಇರುವ ವೈದ್ಯರಾದರೆ, ಕಿವಿ ಪರೀಕ್ಷೆ ಎಲ್ಲಿ ಆಗುತ್ತದೆ ಅಂತ ಗೊತ್ತು ಮಾಡಿಕೊಳ್ಳಿ, ಒಂದು ಎಕೋ ಗುಂಪಿಗೆ ಸೇರಿ, ಅನುಮಾನ ಬಂದ ದಿನವೇ ಅಮ್ಮನ ಕೈಗೆ ವಿಶ್ವ ಆರೋಗ್ಯ ಸಂಸ್ಥೆಯ ಆ ಆನ್‌ಲೈನ್ ಪಾಠದ ವಿಳಾಸ ಕೊಡಿ.

ಹತ್ತು ದಾಟಿದ ಮಕ್ಕಳು ಹೆಚ್ಚಿರುವ ಕಡೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮೇಲೆ ಹೇಳಿದ ಪೋಷಕರ ತರಬೇತಿಗಳು ಚಿಕ್ಕ ಮಕ್ಕಳಿಗಾಗಿ ಆದವು. ದೊಡ್ಡ ಮಕ್ಕಳ ಮನೆಯವರು ಕೇಳುವುದು ಬೇರೆ. ಮುಟ್ಟು ಶುರುವಾಗುವುದನ್ನು ಹೇಗೆ ಹೇಳಿಕೊಡಲಿ, ಮನೆಯಿಂದ ಹೊರಗೆ ಓಡಿಹೋದರೆ ಏನು ಮಾಡಲಿ, ಮೈ ಮುಟ್ಟುವವರಿಂದ ಹೇಗೆ ಕಾಪಾಡಲಿ. ಅಲ್ಲಿ ಕ್ಲಿನಿಕ್ ಸರಿಮಾಡುವುದು ಮತ್ತು ಪೋಷಕರ ಗುಂಪು ಮೊದಲು ಬರುತ್ತವೆ. ಮಾತು ಬಾರದವರಿಗೆ ಚಿತ್ರದ ಕಾರ್ಡ್ ಅಥವಾ ಟ್ಯಾಬ್‌ನಲ್ಲಿ ಹೇಳುವುದನ್ನು ಈಗಲೂ ಕಲಿಸಬಹುದು. ಚಿತ್ರ ಬಳಸಿದರೆ ಮಾತು ಬರುವುದಿಲ್ಲ ಅನ್ನುವ ಹೆದರಿಕೆಗೆ ಆಧಾರ ಇಲ್ಲ. "ಇಲ್ಲಿ ನೋವು" ಅಂತ ತೋರಿಸುವ ಕಾರ್ಡನ್ನು ಮೊದಲ ವಾರದಲ್ಲೇ ಮಾಡಿ, ಕ್ಲಿನಿಕ್‌ನಲ್ಲೂ ಒಂದು ಪ್ರತಿ ಇಡಿ.